ಸುಮ್ಕ, ಸಾವಕಾಶ, ತಣ್ಣಗ

ಕಾಮ್‌ಲಿ ಎಂದರೆ ಶಾಂತವಾಗಿ. ಸಿರೀನ್‌ಲಿ ಎಂದರೂ ಶಾಂತವಾಗಿ. ಪ್ಲಾಸಿಡ್‌ಲಿ, ಕಂಪೋಸ್ಡ್‌ಲಿ, ಟ್ರಾಂಕ್ವಿಲ್‌ಲಿ, ಕ್ವಾಯೆಟ್‌ಲಿ ಎಲ್ಲಕ್ಕೂ ಅದೇ ಒಂದು ಅರ್ಥ. ಪ್ರೌಢಶಾಲೆಯ ಮಕ್ಕಳ ನೋಟ್‌ಬುಕ್ಕಿನಲ್ಲಿ ಎಡಗಡೆ ಇಂಗ್ಲಿಷಿನ ಹತ್ತು ಪದ, ಬಲಗಡೆ ಕನ್ನಡದ ಒಂದೇ ಪದ ಇರುವುದನ್ನು ವಿಜಯನಗರ ಜಿಲ್ಲೆಯ ಯಾವ ಊರಿನಲ್ಲಾದರೂ ನೋಡಬಹುದು. ನೋಡಿದವರಿಗೆ ಕನ್ನಡ ಬಡ ಭಾಷೆ ಅನ್ನಿಸುತ್ತದೆ. ಸಮಾಧಾನದ ಇಷ್ಟೊಂದು ಛಾಯೆಗಳಿಗೆ ನಮ್ಮಲ್ಲಿ ಪದವೇ ಇಲ್ಲವೇನೋ ಎಂದು ಮಕ್ಕಳು ನಂಬಿಬಿಡುತ್ತಾರೆ.

ಆದರೆ ಕೂಡ್ಲಿಗಿಯ ಬಸ್ ನಿಲ್ದಾಣದಲ್ಲೋ ಹರಪನಹಳ್ಳಿಯ ಸಂತೆಯಲ್ಲೋ ಕಿವಿಗೊಟ್ಟು ನಿಂತರೆ 'ಶಾಂತವಾಗಿ' ಎಂಬ ಮಾತು ದಿನವಿಡೀ ಕಾದರೂ ಕೇಳಿಸುವುದು ಕಷ್ಟ. ಅದು ಪುಸ್ತಕದ ಪದ, ಸಭೆಯ ಪದ, ಪೊಲೀಸ್ ಪ್ರಕಟಣೆಯ ಪದ. ಮತದಾನ ಶಾಂತವಾಗಿ ನಡೆಯುತ್ತದೆ, ಬಂದ್ ಶಾಂತವಾಗಿ ಮುಗಿಯುತ್ತದೆ. ಮನುಷ್ಯರು ಹಾಗೆ ಏನನ್ನೂ ಮಾಡುವುದಿಲ್ಲ. ಅವರು ಸುಮ್ಕ ಕೂಡುತ್ತಾರೆ, ಸಾವಕಾಶ ಹೋಗುತ್ತಾರೆ, ಮೆಲ್ಲಕ ಹೇಳುತ್ತಾರೆ, ತಣ್ಣಗ ಇರುತ್ತಾರೆ, ಆರಾಮ್ ಬರುತ್ತಾರೆ, ಏನಾದರೂ ಬಡಿದರೆ ಸಾವರಿಸಿಕೊಂಡು ಏಳುತ್ತಾರೆ. ಈ ಪದಗಳು ಒಂದರ ಜಾಗದಲ್ಲಿ ಇನ್ನೊಂದು ಕೂಡುವಂಥವಲ್ಲ. ಒಂದೊಂದರ ಹಿಂದೆ ಒಂದೊಂದು ಬದುಕಿದೆ. ಇಂಗ್ಲಿಷಿನ ಹತ್ತು ಪದಗಳಿಗೆ ಎದುರಾಗಿ ನಿಲ್ಲಿಸಬೇಕಾದದ್ದು ಇವನ್ನು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳಿಗೆ ಮೇಲಿನ ಹೆಸರು ಬದಲಾಗುತ್ತಲೇ ಬಂದಿದೆ. 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರದ ಕೈಗೆ ಬಂದು, ಥಾಮಸ್ ಮನ್ರೋ ಕಲೆಕ್ಟರನಾಗಿದ್ದ ದತ್ತಮಂಡಲಕ್ಕೆ ಸೇರಿದವು. ಆಮೇಲೆ ಒಂದೂವರೆ ಶತಮಾನ ಮದರಾಸಿನ ಆಡಳಿತ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ವಿಜಯನಗರ ಜಿಲ್ಲೆಯವಾದವು. ಕಚೇರಿಯ ಬೋರ್ಡುಗಳು ಬದಲಾದರೂ ಮಾತಿನ ಹದ ಹಾಗೇ ಉಳಿಯಿತು. ಧಾರವಾಡದ ಕಡೆಯ 'ಸಾವಕಾಶ', ದಾವಣಗೆರೆಯ ಕಡೆಯ 'ಸುಮ್ಕೆ', ಪೂರ್ವಕ್ಕೆ ಸರಿದಂತೆ ತೆಲುಗಿನ ರಾಗ ಎಲ್ಲವೂ ಇಲ್ಲಿ ಒಂದೇ ಮನೆಯೊಳಗೆ ಇರುತ್ತವೆ. ಮಗ ಹಡಗಲಿಯವನು, ಸೊಸೆ ಕೂಡ್ಲಿಗಿಯವಳು ಎಂದಾದರೆ ಮೊಮ್ಮಗುವಿಗೆ ಎರಡೂ ಕಡೆಯ ಪದ ಸಿಕ್ಕವು ಎಂದೇ ಅರ್ಥ.

ಇನ್ನು ಪದಗಳ ಒಳಗೆ ಇಳಿಯೋಣ. ಮೊದಲು ಇಂಗ್ಲಿಷಿನದನ್ನೇ ನೋಡುವುದು ನ್ಯಾಯ. ಆ ಪದಗಳನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆಯೇ ಹೊರತು ಅವುಗಳ ಹುಟ್ಟೂರನ್ನು ಯಾರೂ ತೋರಿಸುವುದಿಲ್ಲ.

'ಕಾಮ್' ಎಂಬ ಪದ ಹುಟ್ಟಿದ್ದು ಬಿಸಿಲಿನಲ್ಲಿ ಎಂದರೆ ಬಿಸಿಲಿನ ನಾಡಿನವರಾದ ನಮಗೆ ಹತ್ತಿರದ್ದು ಅನ್ನಿಸಬೇಕು. ಗ್ರೀಕಿನಲ್ಲಿ 'ಕೌಮ' ಎಂದರೆ ಸುಡುವ ಕಾವು. ಅದು ಲ್ಯಾಟಿನ್ನಿಗೆ ಹೋಗಿ ನಡುಹಗಲಿನ ಬಿಸಿಲಾಯಿತು. ಆ ಹೊತ್ತಿನಲ್ಲಿ ಯಾರೂ ದುಡಿಯಲಾರರು, ಗಾಳಿಯೂ ನಿಂತಿರುತ್ತದೆ, ದನವೂ ನೆರಳು ಹಿಡಿಯುತ್ತದೆ. ಆ ನಿಂತ ಹೊತ್ತಿನ ಹೆಸರೇ ಇಟಾಲಿಯನ್, ಫ್ರೆಂಚ್ ದಾಟಿ ಇಂಗ್ಲಿಷಿನ ಕಾಮ್ ಆಯಿತು ಎಂಬುದು ನಿಘಂಟುಕಾರರಲ್ಲಿ ಬಹುಮಂದಿ ಒಪ್ಪುವ ವಿವರಣೆ. ಏಪ್ರಿಲ್ ತಿಂಗಳಲ್ಲಿ ಕೊಟ್ಟೂರಿನ ರಸ್ತೆ ಮಧ್ಯಾಹ್ನ ಎರಡಕ್ಕೆ ಹೇಗಿರುತ್ತದೋ ಅದೇ ಈ ಪದದ ಮೂಲ ಚಿತ್ರ. 'ಸಿರೀನ್' ಎಂಬುದು ಮೋಡವಿಲ್ಲದ ತಿಳಿ ಆಕಾಶ. 'ನಾನ್‌ಶಲಂಟ್' ಫ್ರೆಂಚಿನದು. ಅದರ ಬೇರು ಲ್ಯಾಟಿನ್ನಿನ 'ಕಾಲೇರೆ', ಅಂದರೆ ಕಾವೇರುವುದು. ಕಾವೇರದವನು ನಾನ್‌ಶಲಂಟ್. 'ಇಂಪರ್ಟರ್ಬಬ್‌ಲಿ' ಎಂಬ ನಾಲಿಗೆ ತೊಡರುವ ಪದದ ಒಳಗಿರುವುದು 'ಟರ್ಬ', ಅಂದರೆ ಗದ್ದಲ, ಗುಂಪು. ಗದ್ದಲ ಮುಟ್ಟದವನು ಆತ.

ಇವನ್ನೆಲ್ಲ 'ಲಿ' ಎಂಬ ಒಂದೇ ಬಾಲ ಕ್ರಿಯಾವಿಶೇಷಣ ಮಾಡುತ್ತದೆ. ಆ ಬಾಲವೂ ಒಂದು ಕಾಲಕ್ಕೆ ಪೂರ್ತಿ ಪದವಾಗಿತ್ತು. ಹಳೆಯ ಇಂಗ್ಲಿಷಿನಲ್ಲಿ 'ಲಿಕ್' ಎಂದರೆ ದೇಹ, ಆಕಾರ. ಕಾಮ್‌ಲಿ ಎಂದರೆ ಸಮಾಧಾನದ ಆಕಾರದಲ್ಲಿ, ಅದರ ಮೈ ಹೊತ್ತು. ಹಾಗಾಗಿಯೇ ಇರಬೇಕು, ಇಂಗ್ಲಿಷಿನ ಈ ಪದ ಹೊರಗಿನ ಮೈಯನ್ನು ತೋರಿಸಿದರೆ ಸಾಕೆನ್ನುತ್ತದೆ. ಒಳಗೆ ಕುದಿಯುತ್ತಿದ್ದವನೂ ಕಾಮ್‌ಲಿ ಮಾತಾಡಬಹುದು. ಒಬ್ಬ ಇನ್ನೊಬ್ಬನ ದುಡ್ಡು ಎತ್ತಿಕೊಂಡು ಕಾಮ್‌ಲಿ ಹೊರಟುಹೋದ ಎಂದರೆ ಇಂಗ್ಲಿಷಿನಲ್ಲಿ ಅದು ಅವನ ಸಮಾಧಾನದ ಹೊಗಳಿಕೆಯಲ್ಲ, ನೋಡುವವನ ಹೊಟ್ಟೆಯುರಿ.

ಈಗ ನಮ್ಮ 'ಶಾಂತವಾಗಿ' ಎಂಬುದನ್ನು ಬಿಡಿಸಿ. ಶಾಂತ, ಆಗಿ. 'ಆಗಿ' ಎಂಬುದು ಬಾಲವಲ್ಲ, ಜೀವಂತ ಕ್ರಿಯೆ. 'ಮಾಡಿ', 'ತಿಂದು', 'ಹೋಗಿ' ಹೇಗೋ ಹಾಗೆ 'ಆಗು' ಧಾತುವಿನಿಂದ ಬಂದ ಕೃದಂತಾವ್ಯಯ. ಉಂಡು ಬಂದ ಎಂದರೆ ಮೊದಲು ಉಂಡ, ಆಮೇಲೆ ಬಂದ. ಶಾಂತವಾಗಿ ಮಾತಾಡಿದ ಎಂದರೆ ಮೊದಲು ಶಾಂತನಾದ, ಆಮೇಲೆ ಮಾತಾಡಿದ. ಇಂದು ಆ ಅರ್ಥ ಬಳಸಿ ಬಳಸಿ ಸವೆದಿರಬಹುದು. ಆದರೂ ರಚನೆ ಅದೇ. ಕನ್ನಡದಲ್ಲಿ ಸಮಾಧಾನ ಕೆಲಸಕ್ಕೆ ಬಳಿಯುವ ಬಣ್ಣವಲ್ಲ, ಕೆಲಸಕ್ಕಿಂತ ಮುಂಚೆ ಆಗಬೇಕಾದ ಇನ್ನೊಂದು ಕೆಲಸ. ನಮ್ಮ ಭಾಷೆ ನಮಗೆ ಕೊಟ್ಟಿರುವ ಬಹು ದೊಡ್ಡ ತಿಳಿವಳಿಕೆ ಇದು ಎಂದು ನಾನು ನಂಬುತ್ತೇನೆ.

ಸಿಟ್ಟಿನಲ್ಲಿ ಕೊಯ್ದ ಮೂಗು ಸಮಾಧಾನವಾದ ಮೇಲೆ ಬರುವುದಿಲ್ಲ ಎಂಬ ಗಾದೆ ಎಲ್ಲರಿಗೂ ಗೊತ್ತು. ಅಲ್ಲಿಯೂ ಲೆಕ್ಕ ಹಿಂದುಮುಂದಿನದೇ. ಯಾವುದು ಮೊದಲು ಆಗಬೇಕಿತ್ತು, ಯಾವುದು ಆಮೇಲೆ ಎಂಬ ಲೆಕ್ಕ. ಜನ ಮಾತಾಡುವಾಗ ಇದು ಇನ್ನೂ ಸ್ಪಷ್ಟ. ಆಸ್ತಿ ಪಾಲಿನ ಜಗಳಕ್ಕೆ ಕೂತ ಹಿರಿಯರು 'ಶಾಂತವಾಗಿ ಮಾತಾಡಿ' ಎನ್ನುವುದಿಲ್ಲ. 'ಮೊದ್ಲು ಕುಂದ್ರಪ್ಪ, ನೀರು ಕುಡಿ, ಆಮ್ಯಾಲ ಮಾತಾಡುವಂತಿ' ಎನ್ನುತ್ತಾರೆ. ಅದೇ ಅವರ ಕ್ರಿಯಾವಿಶೇಷಣ. ಕೂತು, ಕುಡಿದು, ಸುಧಾರಿಸಿಕೊಂಡು, ಸಾವರಿಸಿಕೊಂಡು, ಉಸಿರು ಬಿಟ್ಟು, ಸೈರಿಸಿ, ತಾಳಿಕೊಂಡು ಎಲ್ಲವೂ ಕೃದಂತಗಳೇ. ಕಂಪೋಸ್ಡ್‌ಲಿ ಎಂಬುದಕ್ಕೆ 'ಸಾವರಿಸಿಕೊಂಡು' ಎನ್ನುವುದಕ್ಕಿಂತ ಸರಿಯಾದ ಪದ ಯಾವ ನಿಘಂಟಿನಲ್ಲಿ ಸಿಗುತ್ತದೆ? ಚದುರಿದ್ದನ್ನು ಒಟ್ಟುಗೂಡಿಸಿಕೊಳ್ಳುವುದೇ ಎರಡರ ಹುರುಳು.

ಇನ್ನೊಂದು ದಾರಿ 'ಅದೆ' ಎಂಬ ನಿಷೇಧದ್ದು. ಗಾಬರಿಯಾಗದೆ, ಅಳುಕದೆ, ಜಗ್ಗದೆ, ಹೆದರದೆ, ಕ್ಯಾರೆ ಎನ್ನದೆ. ಇಲ್ಲಿ ಸಮಾಧಾನ ಎಂಬುದು ಬೇರೊಂದು ಗುಣವೇ ಅಲ್ಲ. ಗಾಬರಿ ಬಂದು ಬಾಗಿಲು ಬಡಿದರೂ ಅದಕ್ಕೆ ತೆರೆಯದೆ ಇರುವುದು, ಅಷ್ಟೆ. ನಾನ್‌ಶಲಂಟ್‌ಲಿ ಎನ್ನುವುದಕ್ಕೆ 'ಕ್ಯಾರೆ ಎನ್ನದೆ' ಸರಿಯಾಗಿ ಕೂಡುತ್ತದೆ. ಇನ್ನು ದುಡ್ಡು ಎತ್ತಿಕೊಂಡು ಹೋದವನ ಕಾಮ್‌ಲಿಗೆ ಇಲ್ಲಿಯವರು 'ಏನೂ ಆಗದವ್ರಂಗ ಹೋದ' ಎನ್ನುತ್ತಾರೆ. ಆಗಲೂ ಬರುವುದು 'ಆಗು' ಧಾತುವೇ. ಅವನಿಗೆ ಏನೂ ಆಗಲಿಲ್ಲ, ಆಗಬೇಕಾಗಿತ್ತು ಎಂಬ ದೂರು ಅದರೊಳಗಿದೆ. ಇದನ್ನು ಶಾಂತವಾಗಿ ಎಂದು ಅನುವಾದಿಸಿದರೆ ಕಳ್ಳ ಸಾಧುವಾಗಿಬಿಡುತ್ತಾನೆ.

ಮೊದಲು ಆಗುವುದು, ಆಮೇಲೆ ಮಾಡುವುದು ಎಂಬ ಈ ತಿಳಿವಳಿಕೆ ಗೀತೆಯಲ್ಲೂ ಇದೆ. ಕೂಡ್ಲಿಗಿಯಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮವಿರುವ ಸ್ಮಾರಕವಿದೆ. ಗಾಂಧೀಜಿಯ ಆಶ್ರಮದ ಸಂಜೆಯ ಪ್ರಾರ್ಥನೆಯಲ್ಲಿ ಗೀತೆಯ ಎರಡನೆಯ ಅಧ್ಯಾಯದ ಸ್ಥಿತಪ್ರಜ್ಞ ಲಕ್ಷಣದ ಶ್ಲೋಕಗಳು ಇರುತ್ತಿದ್ದವು. ಆ ಭಾಗ ಶುರುವಾಗುವುದು ಅರ್ಜುನನ ಪ್ರಶ್ನೆಯಿಂದ. ಮನಸ್ಸು ನೆಲೆನಿಂತವನು ಹೇಗೆ ಮಾತಾಡುತ್ತಾನೆ, ಹೇಗೆ ಕೂಡುತ್ತಾನೆ, ಹೇಗೆ ನಡೆಯುತ್ತಾನೆ ಎಂದು ಆತ ಕೇಳುತ್ತಾನೆ. ವ್ಯಾಕರಣದ ಕಣ್ಣಿನಿಂದ ನೋಡಿದರೆ ಅರ್ಜುನ ಬಯಸಿದ್ದು ಮೂರು ಕ್ರಿಯಾವಿಶೇಷಣ. ಕೃಷ್ಣ ಒಂದನ್ನೂ ಕೊಡುವುದಿಲ್ಲ. ಮೆಲ್ಲಗೆ ನಡೆಯುತ್ತಾನೆ, ನಯವಾಗಿ ಮಾತಾಡುತ್ತಾನೆ ಎನ್ನುವುದಿಲ್ಲ. ಏನನ್ನು ಬಿಟ್ಟಿದ್ದಾನೆ, ಯಾವುದಕ್ಕೆ ಕಲಕುವುದಿಲ್ಲ, ಇಂದ್ರಿಯಗಳನ್ನು ಹೇಗೆ ಒಳಗೆಳೆದುಕೊಂಡಿದ್ದಾನೆ ಎಂದು ಮಾತ್ರ ಹೇಳುತ್ತಾ ಹೋಗುತ್ತಾನೆ. ಹೇಗೆ ಎಂಬ ಪ್ರಶ್ನೆಗೆ ಏನಾಗಿ ಎಂಬುದೇ ಉತ್ತರ. ಕೂಡ್ಲಿಗಿಯ ಹಿರಿಯರು ಜಗಳ ಬಿಡಿಸುವಾಗ ಹಿಡಿಯುವ ದಾರಿಯೂ ಅದೇ.

ಈಗ ಒಂದೊಂದು ಪದ. 'ಸುಮ್ಮನೆ'ಯಿಂದ ಶುರುಮಾಡುತ್ತೇನೆ, ಯಾಕೆಂದರೆ ನನಗೆ ಗೊತ್ತಿರುವ ಕನ್ನಡ ಪದಗಳಲ್ಲಿ ಇದಕ್ಕಿರುವಷ್ಟು ಒಳಮನೆಗಳು ಬೇರೆ ಪದಕ್ಕಿಲ್ಲ. ಈ ಭಾಗದ ಬಾಯಲ್ಲಿ ಅದು ಸುಮ್ಕ, ಸುಮ್ಕೆ, ಸುಮ್ನ. ಸುಮ್ಕ ಕುಂತಾನ ಎಂದರೆ ಮಾತಿಲ್ಲದೆ ಕೂತಿದ್ದಾನೆ. ಸುಮ್ಕ ಬಂದೆ ಎಂದರೆ ಕಾರಣವಿಲ್ಲದೆ, ನಿಮ್ಮನ್ನು ನೋಡುವ ಆಸೆಯೊಂದೇ ಕಾರಣವಾಗಿ ಬಂದೆ. ಸುಮ್ಕ ಕೊಟ್ರು ಎಂದರೆ ದುಡ್ಡಿಲ್ಲದೆ. ಸುಮ್ಕ ಅಂತಾನ ಎಂದರೆ ಅದರಲ್ಲಿ ನಿಜವಿಲ್ಲ. ಸುಮ್ಕ ಮಾಡು ಎಂದರೆ ಎದುರು ಮಾತಾಡದೆ ಮಾಡು. ಸುಮ್ಕಿರು ಎಂದರೆ ಬಾಯಿ ಮುಚ್ಚು ಎಂಬ ಗದರಿಕೆಯೂ ಹೌದು, ಅಳುವ ಮಗುವನ್ನು ಎದೆಗವುಚಿಕೊಂಡು ಹೇಳುವ ಸಾಂತ್ವನವೂ ಹೌದು. ತಮಿಳಿನ 'ಸುಮ್ಮಾ' ಇದರ ಒಡಹುಟ್ಟು, ಅದೂ ಹೀಗೆಯೇ ಹತ್ತು ಕಡೆ ಓಡಾಡುತ್ತದೆ. ಇಷ್ಟೆಲ್ಲವನ್ನೂ ಹಿಡಿದಿಟ್ಟಿರುವ ಒಂದೇ ನೂಲು ಏನು? ಹೆಚ್ಚುವರಿ ಏನೂ ಇಲ್ಲದಿರುವಿಕೆ. ಮಾತಿಲ್ಲ, ಕಾರಣವಿಲ್ಲ, ಬೆಲೆಯಿಲ್ಲ, ಹುರುಳಿಲ್ಲ, ತಕರಾರಿಲ್ಲ. ಕೆಲಸ ಒಂದೇ ನಿಂತಿದೆ, ಅದರ ಮೇಲೆ ಏನೂ ಹೇರಿಲ್ಲ. ಇಂಗ್ಲಿಷಿನ ಯಾವ 'ಲಿ' ಪದವೂ ಇದನ್ನು ಪೂರ್ತಿ ಹೊರಲಾರದು. ಹೊರಬೇಕೆಂದೂ ಇಲ್ಲ.

'ಸುಮ್ಮನೆ' ಪದದ ಕೊನೆಯ 'ನೆ' ನೋಡಿ. ತಟ್ಟನೆ, ಗಕ್ಕನೆ, ದಿಗ್ಗನೆ, ಫಕ್ಕನೆ, ದಡಕ್ಕನೆ, ಸರ್ರನೆ, ಭೋಂಕನೆ. ಅವಸರಕ್ಕೆ, ಆಘಾತಕ್ಕೆ ಕನ್ನಡದಲ್ಲಿ ಇಂಥ ಪದಗಳ ಸಾಲೇ ಇದೆ. ಒಂದೊಂದೂ ಒಂದೊಂದು ಸದ್ದಿನಿಂದ ಹುಟ್ಟಿದ್ದು. ಅದೇ ಅಚ್ಚಿನಲ್ಲಿ ಬಂದ ಸಮಾಧಾನದ ಪದಗಳು ಬೆರಳೆಣಿಕೆಯವು. ಸುಮ್ಮನೆ, ಮೆಲ್ಲನೆ, ತಣ್ಣನೆ. ಅವಸರ ಸದ್ದು ಮಾಡುತ್ತದೆ, ಆ ಸದ್ದಿಗೆ ತಕ್ಕಂತೆ ಪದ ಹುಟ್ಟುತ್ತದೆ. ಸಮಾಧಾನಕ್ಕೆ ಅನುಕರಿಸಲು ಸದ್ದೇ ಇಲ್ಲ. ಹಾಗಾಗಿ ಅದು ಬೇರೆ ಕಡೆ ಪದ ಹುಡುಕಿಕೊಂಡಿತು. ತಂಪಿನಲ್ಲಿ, ಹಗುರದಲ್ಲಿ, ಬಿಡುವಿನಲ್ಲಿ.

ಸದ್ದಿನ ಮಾತು ಬಂದಾಗ ಮೈಲಾರದ ಕಾರ್ಣಿಕವನ್ನು ಬಿಟ್ಟು ಮುಂದೆ ಹೋಗಲಾಗದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ತುಂಗಭದ್ರೆಯ ಎರಡೂ ದಡದಿಂದ ಲಕ್ಷಗಟ್ಟಲೆ ಜನ ಸೇರುತ್ತಾರೆ. ಡೆಂಕನಮರಡಿಯ ಬಯಲಿನಲ್ಲಿ ಡಮರುಗ, ಗಂಟೆ, ಏಳುಕೋಟಿಯ ಘೋಷ ಮುಗಿಲು ಮುಟ್ಟಿರುತ್ತದೆ. ಉಪವಾಸ ವ್ರತ ಮುಗಿಸಿದ ಕಾರ್ಣಿಕದ ಗೊರವಪ್ಪ ಎತ್ತರದ ಬಿಲ್ಲನ್ನು ಏರಿ, ತುದಿಯಲ್ಲಿ ನಿಂತು 'ಸದ್ದಲೇ' ಎಂದು ಒಂದೇ ಒಂದು ಕೂಗು ಹಾಕುತ್ತಾನೆ. ಸದ್ದು ನಿಲ್ಲಲಿ ಎಂಬ ಆಜ್ಞೆ ಅದು. ಮೈಕಿನಲ್ಲಿ ಪೊಲೀಸರು ಹತ್ತು ಸಲ 'ದಯವಿಟ್ಟು ಶಾಂತವಾಗಿರಿ' ಎಂದರೂ ನಿಲ್ಲದ ಬಯಲು ಆ ಒಂದು ಪದಕ್ಕೆ ನಿಲ್ಲುತ್ತದೆ. ಆ ನಿಂತ ಗಳಿಗೆಯಲ್ಲಿ ಗೊರವಪ್ಪ ಒಂದು ಸಾಲಿನ ದೈವವಾಣಿ ನುಡಿದು ಮೇಲಿನಿಂದ ಕೆಳಗೆ ಧುಮುಕುತ್ತಾನೆ, ಕೆಳಗಿದ್ದವರು ಹಿಡಿಯುತ್ತಾರೆ. ಆ ಸಾಲಿನಲ್ಲಿ ಮಳೆ ಎಷ್ಟು, ಬೆಳೆ ಎಷ್ಟು, ರಾಜಕೀಯ ಹೇಗೆ ಎಂದು ಜನ ವರ್ಷವಿಡೀ ಅರ್ಥ ಬಿಡಿಸುತ್ತಾರೆ. ನನ್ನನ್ನು ಕಾಡುವುದು ಸಾಲಿಗಿಂತ ಅದರ ಹಿಂದಿನ ಪದ. ಮುಂದೆ ಬರುವ ಮಾತು ಕೇಳಬೇಕಾದರೆ ಮೊದಲು ಎಲ್ಲರೂ ಸುಮ್ಮನಾಗಬೇಕು. ಇಲ್ಲಿಯೂ ಆಗುವುದು ಮೊದಲು.

ಆಜ್ಞೆಯಿಂದ ಜನರನ್ನು ಸಮಾಧಾನದಲ್ಲಿಡುವ ಯತ್ನವನ್ನು ಇಂಗ್ಲೆಂಡೂ ಮಾಡಿತ್ತು. 1939ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಅಲ್ಲಿಯ ಸರ್ಕಾರ 'ಕೀಪ್ ಕಾಮ್ ಅಂಡ್ ಕ್ಯಾರಿ ಆನ್' ಎಂಬ ಭಿತ್ತಿಪತ್ರವನ್ನು ಲಕ್ಷಾಂತರ ಪ್ರತಿ ಅಚ್ಚು ಹಾಕಿಸಿ ಗೋದಾಮಿನಲ್ಲಿಟ್ಟಿತು. ಆಗ ಅದು ಜನರ ಕಣ್ಣಿಗೆ ಬಿದ್ದದ್ದೇ ಕಡಿಮೆ. 2000ನೇ ಇಸವಿಯಲ್ಲಿ ಆಲ್ನಿಕ್ ಊರಿನ ಹಳೆ ಪುಸ್ತಕದಂಗಡಿಯೊಂದರಲ್ಲಿ ಒಂದು ಪ್ರತಿ ಸಿಕ್ಕ ಮೇಲೆಯೇ ಅದು ಜಗತ್ತಿಗೆಲ್ಲ ಹರಡಿದ್ದು. ಇವತ್ತು ನಮ್ಮ ಸಂತೆಗಳಲ್ಲಿ ಮಾರುವ ಟೀ ಶರ್ಟುಗಳ ಮೇಲೂ ಅದರ ಮರಿಮಕ್ಕಳು ಕಾಣುತ್ತವೆ.

ತಣ್ಣಗೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ, ಮಳೆ ಕೈಕೊಡುವುದೇ ರೂಢಿಯಾಗಿರುವ ನೆಲದಲ್ಲಿ ಒಳ್ಳೆಯದೆಲ್ಲ ತಂಪಾಗಿರುವುದು ಸಹಜ. ಕಾಲಿಗೆ ಬಿದ್ದ ಮಗನಿಗೆ 'ತಣ್ಣಗಿರಪ್ಪ' ಎನ್ನುತ್ತಾರೆ, ಉಣಬಡಿಸಿದವಳಿಗೆ 'ನಿನ್ನ ಹೊಟ್ಟಿ ತಣ್ಣಗಿರಲವ್ವ' ಎನ್ನುತ್ತಾರೆ. ತೆಲುಗಿನಲ್ಲಿಯೂ ಹರಕೆ 'ಚಲ್ಲಗಾ ಉಂಡು' ಎಂದೇ, ತಣ್ಣಗಿರು ಎಂದೇ. ಅಮ್ಮ ಬಂದ ಮನೆಯಲ್ಲಿ ದೇವಿಗೆ ಮೊಸರನ್ನ, ಬೇವು, ತಣ್ಣೀರು. ಅವಳು ತಣ್ಣಗಾದರೆ ಮಗು ತಣ್ಣಗಾಗುತ್ತದೆ. ಊರಮ್ಮನ ಜಾತ್ರೆ ಮಾಡುವುದೂ ಊರು ತಣ್ಣಗಿರಲಿ ಎಂದೇ. ಒಬ್ಬರು ಇನ್ನೊಬ್ಬರಿಗೆ ಬಯಸುವ, ಕೊಡುವ ಸಮಾಧಾನ ಇದು. ಇಂಗ್ಲಿಷಿನ 'ಕೂಲ್' ಹಾಗಲ್ಲ. ಕೂಲ್‌ಲಿ ಎಂದರೆ ಕಾವಿಲ್ಲದೆ ಎಂಬುದರ ಜೊತೆಗೆ ಅಕ್ಕರೆಯಿಲ್ಲದೆ, ಮುಖ ಕೊಡದೆ ಎಂಬ ಅರ್ಥವೂ ಬರುತ್ತದೆ. ಚಳಿಯ ದೇಶದಲ್ಲಿ ಬೆಚ್ಚಗಿನ ಸ್ವಾಗತವೇ ಒಳ್ಳೆಯ ಸ್ವಾಗತ. ಅವರ ಬಿಸಿ ನಮ್ಮ ತಂಪು, ಅವರ ತಂಪು ನಮಗೆ ಅನಾದರ. ಇತ್ತೀಚೆಗೆ ನಮ್ಮ ಬರಹಗಳಲ್ಲೂ 'ತಣ್ಣನೆಯ ಕ್ರೌರ್ಯ', 'ತಣ್ಣನೆಯ ಪ್ರತಿಕ್ರಿಯೆ' ಎಂಬ ಪ್ರಯೋಗಗಳು ತುಂಬಿಕೊಂಡಿವೆ. ಅವು ಬಂದದ್ದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಹರಸುವ 'ತಣ್ಣಗೆ'ಯನ್ನು ಅವು ಮೂಲೆಗೆ ತಳ್ಳಬಾರದು. ಅದನ್ನು ಕಳೆದುಕೊಂಡರೆ ಹಿರಿಯರ ಹರಕೆಯೇ ಮೊಮ್ಮಕ್ಕಳಿಗೆ ಅರ್ಥವಾಗದೆ ಹೋದೀತು.

'ಸಾವಕಾಶ' ಎಂಬುದು ಅವಕಾಶದ ಜೊತೆಗೆ ಎಂದು. ಸಂಸ್ಕೃತದ್ದಾದರೂ ಮರಾಠಿಯಲ್ಲೂ ಉತ್ತರ ಕರ್ನಾಟಕದಲ್ಲೂ ಮನೆಮಾತಾಗಿದೆ. ನಿಧಾನ ಎಂದರೆ ವೇಗ ಕಡಿಮೆ. ಸಾವಕಾಶ ಎಂದರೆ ಬೇಕಾದಷ್ಟು ಜಾಗ, ಬೇಕಾದಷ್ಟು ಹೊತ್ತು ಇದೆ ಎಂಬ ಧೈರ್ಯ. 'ಸಾವಕಾಶ ಹೋಗಿ ಬರ್ರಿ' ಎಂದು ಬಾಗಿಲಲ್ಲಿ ನಿಂತು ಹೇಳುವವರು ನಿಮಗೆ ವೇಗದ ಮಿತಿ ಹೇಳುತ್ತಿಲ್ಲ, ನಿಮ್ಮ ದಾರಿಯಲ್ಲಿ ಅಡಚಣೆ ಬಾರದಿರಲಿ ಎನ್ನುತ್ತಿದ್ದಾರೆ. ಅನ್‌ಹರೀಡ್‌ಲಿ ಎಂಬ ಇಂಗ್ಲಿಷ್ ಪದ ಅವಸರವಿಲ್ಲ ಎಂದಷ್ಟೇ ಹೇಳಿ ನಿಲ್ಲುತ್ತದೆ.

ಆರಾಮ್ ಪಾರಸಿಯಿಂದ ಬಂದದ್ದು, ಮೂಲದಲ್ಲಿ ವಿಶ್ರಾಂತಿ. ಇಲ್ಲಿ ಅದು ಆರೋಗ್ಯವೂ ಹೌದು. 'ಆರಾಮದೀರೇನ್ರಿ' ಎಂಬುದು ನಮಸ್ಕಾರಕ್ಕೆ ಸಮ, 'ಆರಾಮಿಲ್ಲ' ಎಂದರೆ ಕಾಯಿಲೆ. ಮನಸ್ಸಿನ ನೆಮ್ಮದಿ, ಮೈಯ ಸುಖ ಎರಡೂ ಬೇರೆಬೇರೆ ಎಂದು ಈ ಪದ ಒಪ್ಪುವುದಿಲ್ಲ. ನೆಮ್ಮದಿಯಂತೂ ಅಚ್ಚಗನ್ನಡದ್ದು. ನೆಮ್ಮು ಎಂದರೆ ಒರಗು, ಆಸರೆ ಪಡೆ. ಒರಗಲು ಏನೋ ಇದೆ ಎಂಬ ಭರವಸೆಯಿಂದ ಬರುವ ಸ್ಥಿತಿ ಅದು. ಆ ಆಸರೆ ಹೊಲದಲ್ಲಿ ಎರಡು ಮಳೆಯಾಗಿರಬಹುದು, ದೂರದೂರಿಗೆ ದುಡಿಯಲು ಹೋದ ಮಗನ ಫೋನಾಗಿರಬಹುದು.

ಈ ಪದಗಳು ಹರಿತವಾಗಿ ಉಳಿದಿರುವುದು ಕೆಲಸದಲ್ಲಿ. ಹಡಗಲಿಯ ಮಲ್ಲಿಗೆಯನ್ನು ತೆಗೆದುಕೊಳ್ಳಿ. ಇಲ್ಲಿಯ ಹೂವು ತುಂಗಭದ್ರೆಯಲ್ಲಿ ಹಡಗಿನ ಮೇಲೆ ವಿಜಯನಗರಕ್ಕೆ ಹೋಗುತ್ತಿತ್ತು, ಅದಕ್ಕೇ ಊರು ಹೂವಿನಹಡಗಲಿ ಎಂದು ಜನ ಹೇಳುತ್ತಾರೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಮೊಗ್ಗು ಬಿಡಿಸುವುದು ಅರಳುವ ಮುಂಚೆ, ಬಿಸಿಲೇರುವ ಮುಂಚೆ ಮುಗಿಯಬೇಕಾದ ಅವಸರದ ಕೆಲಸ. ಆದರೆ ಕೈ ಅವಸರ ಮಾಡಿದರೆ ಮೊಗ್ಗು ನಲುಗುತ್ತದೆ, ನಲುಗಿದ್ದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಹೊತ್ತಿಗೆ ಲಗೂನ, ಕೈಗೆ ಹಗೂರ್ಕ. ಎರಡೂ ಒಂದೇ ಕೆಲಸದಲ್ಲಿ, ಒಂದೇ ಗಳಿಗೆಯಲ್ಲಿ. ಸಮಾಧಾನ ಎಂದರೆ ನಿಧಾನ ಎಂದು ತಿಳಿದವರು ಆ ತೋಟದಲ್ಲಿ ಒಂದು ಮುಂಜಾನೆ ನಿಂತು ನೋಡಬೇಕು. ಆ ಕೈಗಳು ಬಹಳ ಚುರುಕು, ಆದರೆ ಅವುಗಳಲ್ಲಿ ಗಾಬರಿ ಇಲ್ಲ. ಇಂಗ್ಲಿಷಿನ ಕಾಮ್‌ಲಿ ಪದಕ್ಕೂ ಇದೇ ಗುಣವಿದೆ. ಶಸ್ತ್ರಚಿಕಿತ್ಸೆಯ ವೈದ್ಯರು ವೇಗವಾಗಿಯೂ ಕಾಮ್‌ಲಿಯೂ ದುಡಿಯುತ್ತಾರೆ ಎನ್ನಬಹುದು. ಮಕ್ಕಳಿಗೆ ಆ ಪದವನ್ನು ವಿವರಿಸಲು ಹಡಗಲಿಯ ಮೇಷ್ಟ್ರಿಗೆ ಬೇರೆ ಉದಾಹರಣೆ ಬೇಕಿಲ್ಲ.

ಕೂಡ್ಲಿಗಿ, ಕೊಟ್ಟೂರಿನ ಒಣಬೇಸಾಯದ ಹೊಲದಲ್ಲಿ ಕೂರಿಗೆ ಹೊಡೆಯುವಾಗಲೂ ಹಾಗೆ. ಮಳೆ ಬಿದ್ದು ನೆಲ ಹದಕ್ಕೆ ಬಂದರೆ ಬಿತ್ತನೆಗೆ ಸಿಗುವುದು ಕೆಲವೇ ದಿನ. ಎಲ್ಲರಿಗೂ ಅವಸರ. ಆದರೂ ಎತ್ತು ಒಂದೇ ನಡಿಗೆಯಲ್ಲಿ ನಡೆಯಬೇಕು. ಅದು ಜೋರಾದರೆ ಸಾಲಿನಲ್ಲಿ ಬೀಜ ತೆಳ್ಳಗಾಗುತ್ತದೆ, ನಿಂತರೆ ಒಂದೇ ಕಡೆ ಗುಡ್ಡೆ ಬೀಳುತ್ತದೆ. ಮುಂದಿದ್ದವರ 'ಸಾವಕಾಶ, ಸಾವಕಾಶ' ಎಂಬ ಮಾತು ಎತ್ತಿಗೂ ಹೌದು, ಹಿಂದೆ ಬೀಜ ಬಿಡುವ ಕೈಗೂ ಹೌದು. ಪದವನ್ನು ಎರಡು ಸಲ ಹೇಳುವುದನ್ನು ಗಮನಿಸಿ. ಮೆಲ್ಲಮೆಲ್ಲಕ, ಸಾವಕಾಶ ಸಾವಕಾಶ, ನಿಧಾನ ನಿಧಾನ. ಕನ್ನಡ ದ್ವಿರುಕ್ತಿಯಿಂದ ಪದವನ್ನು ಹಿಗ್ಗಿಸುತ್ತದೆ, 'ಮೆಲ್ಲಕ' ಎಂಬುದರ ಮೊದಲ ಸ್ವರವನ್ನು ಎಳೆದೆಳೆದು ಕೂಡ ಹಿಗ್ಗಿಸುತ್ತದೆ. ಹೇಳುವ ಬಾಯಿಯೇ ಮೊದಲು ನಿಧಾನಿಸಬೇಕಾಗುತ್ತದೆ. ಬರವಣಿಗೆಯಲ್ಲಿ ಇದು ಅರ್ಧ ಕಳೆದುಹೋಗುತ್ತದೆ, ಶಬ್ದಾರ್ಥದ ಪಟ್ಟಿಯಲ್ಲಿ ಪೂರ್ತಿ.

ಇಂಗ್ಲಿಷಿನ ಒಳ್ಳೆಯ ಬರಹಗಾರರೇ ತಮ್ಮ 'ಲಿ' ಪದಗಳನ್ನು ಅಷ್ಟಾಗಿ ನಂಬುವುದಿಲ್ಲ. 2000ದಲ್ಲಿ ಬಂದ ಬರವಣಿಗೆಯ ಕುರಿತಾದ ತನ್ನ ಪುಸ್ತಕದಲ್ಲಿ ಸ್ಟೀಫನ್ ಕಿಂಗ್ ಸಂಭಾಷಣೆಯ ಪಕ್ಕ ಕ್ರಿಯಾವಿಶೇಷಣ ತುರುಕುವುದನ್ನು ಕಟುವಾಗಿ ವಿರೋಧಿಸುತ್ತಾನೆ. ಪಾತ್ರ ಏನು ಹೇಳಿತು ಎಂಬುದರಲ್ಲೇ ಅದು ಹೇಗೆ ಹೇಳಿತು ಎಂಬುದೂ ತಿಳಿಯಬೇಕು ಎಂಬ ವಾದ. ಈ ಸೀಮೆಯ ಕತೆಗಾರರಿಗೆ ಅದನ್ನು ಯಾರೂ ಕಲಿಸಬೇಕಾಗಲಿಲ್ಲ. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀchi ಎಂದೇ ಹೆಸರಾದ ರಾಯಸಂ ಭೀಮಸೇನರಾವ್ ಇರಲಿ, ಕೊಟ್ಟೂರಿನಲ್ಲಿ 1953ರಲ್ಲಿ ಹುಟ್ಟಿ 'ಅರಮನೆ' ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕುಂ. ವೀರಭದ್ರಪ್ಪ ಇರಲಿ, ಇಲ್ಲಿಯ ಆಡುಮಾತಿನ ಕಸುವನ್ನೇ ನೆಚ್ಚಿದವರು.

ಇನ್ನೊಬ್ಬರ ಹೆಸರನ್ನು ಇಲ್ಲಿ ಕೃತಜ್ಞತೆಯಿಂದ ಹೇಳಬೇಕು. ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯ ಮುದೇನೂರು ಸಂಗಣ್ಣ. 1927ರಲ್ಲಿ ಹುಟ್ಟಿದವರು, ನಾಟಕಕಾರರು, ಜಾನಪದ ಸಂಗ್ರಾಹಕರು. ಅವರು 'ಚಿಗಟೇರಿ ಪದಕೋಶ' ಕಟ್ಟಿದರು. ಒಂದು ಊರಿನ ಸುತ್ತಿನ ಮಾತಿಗೆ ನಿಘಂಟಿನ ಮರ್ಯಾದೆ ಸಲ್ಲಬೇಕು ಎಂದು ಹೊರಟವರು ಕನ್ನಡದಲ್ಲಿ ಎಷ್ಟು ಮಂದಿ ಇದ್ದಾರೆ? ದೊಡ್ಡ ನಿಘಂಟುಗಳು ಪದಗಳನ್ನು ಕಾವ್ಯಗಳಿಂದ, ಶಾಸನಗಳಿಂದ ಆಯ್ದವು. ಸಂಗಣ್ಣನವರದು ಬಾಯಿಂದ ಆಯ್ದ ಕೆಲಸ. ವಸ್ತುಗಳ ಹೆಸರನ್ನು ಸಂಗ್ರಹಿಸುವುದು ಒಂದು ಬಗೆಯಲ್ಲಿ ಸುಲಭ, ಕುಂಟೆ ತೋರಿಸಿ ಇದೇನು ಎಂದು ಕೇಳಬಹುದು. 'ಹೇಗೆ' ಎಂಬುದರ ಪದಗಳನ್ನು ಹಾಗೆ ತೋರಿಸಿ ಕೇಳಲಾಗದು. ಕೆಲಸ ನಡೆಯುತ್ತಿರುವಾಗ, ಒಬ್ಬರು ಇನ್ನೊಬ್ಬರಿಗೆ ಹೇಳುವಾಗ ಪಕ್ಕದಲ್ಲಿದ್ದರಷ್ಟೇ ಅವು ಸಿಗುತ್ತವೆ. ಕೆಲಸ ಯಂತ್ರಕ್ಕೆ ಹೋದಂತೆ ಮೊದಲು ಮರೆಯಾಗುವುದೂ ಅವೇ. ಟ್ರ್ಯಾಕ್ಟರಿಗೆ 'ಸಾವಕಾಶ' ಎಂದು ಹೇಳುವವರಿಲ್ಲ.

2007ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಬೇಕು, ಇರಲಿ. ನಮ್ಮ ಮಕ್ಕಳು ಆ ಭಾಷೆಯನ್ನು ಅಳುಕದೆ ಕಲಿಯಲಿ. ಆದರೆ ಕಲಿಸುವ ದಾರಿ ತಿರುಗಬೇಕು ಎಂಬುದು ನನ್ನ ಬಲವಾದ ಒತ್ತಾಯ. ಇಂಗ್ಲಿಷ್ ಪದ ಕೊಟ್ಟು ಕನ್ನಡದ ಒಂದು ಪುಸ್ತಕಪದ ಬರೆಸುವುದನ್ನು ನಿಲ್ಲಿಸಿ ಮಕ್ಕಳ ಮನೆಯ ವಾಕ್ಯ ತರಿಸಬೇಕು. ಜೇನು ಎದ್ದಾಗ ಓಡದೆ ನಿಂತವನು, ಪರೀಕ್ಷೆಯ ಹಾಲ್‌ಗೆ ಆರಾಮ್ ಹೋದವಳು, ಬೈಸಿಕೊಂಡೂ ಏನೂ ಆಗದವರಂತೆ ಇದ್ದವನು, ಬಿದ್ದು ಸಾವರಿಸಿಕೊಂಡು ಎದ್ದವಳು. ಒಂದೊಂದು ವಾಕ್ಯಕ್ಕೂ ಯಾವ ಇಂಗ್ಲಿಷ್ ಪದ ಕೂಡುತ್ತದೆ, ಯಾವುದು ಕೂಡುವುದಿಲ್ಲ ಎಂದು ತರಗತಿಯಲ್ಲಿ ವಾದ ನಡೆಯಲಿ. 'ಸುಮ್ಕ ಬಂದೆ' ಎಂಬುದಕ್ಕೆ ಯಾವುದೂ ಕೂಡಲಿಲ್ಲ ಎಂದು ಗೊತ್ತಾದ ಮಗು ಎರಡೂ ಭಾಷೆಯನ್ನು ಸರಿಯಾಗಿ ಕಲಿಯಲು ಶುರುಮಾಡಿದೆ. ಹಡಗಲಿಯ ಮಕ್ಕಳು ಹೂ ಬಿಡಿಸುವವರನ್ನು, ಕೂಡ್ಲಿಗಿಯ ಮಕ್ಕಳು ಕೂರಿಗೆ ಹಿಡಿದ ಅಜ್ಜನನ್ನು, ಹಗರಿಬೊಮ್ಮನಹಳ್ಳಿಯ ಮಕ್ಕಳು ತುಂಗಭದ್ರೆಯ ಹಿನ್ನೀರಿನಲ್ಲಿ ಬಲೆ ಬೀಸುವವರನ್ನು, ಹರಪನಹಳ್ಳಿಯ ತಾಂಡಾಗಳ ಮಕ್ಕಳು ತಮ್ಮ ಲಂಬಾಣಿ ಮಾತಾಡುವ ಅಜ್ಜಿಯನ್ನು ಕೇಳಿ, ಒಂದು ಕೆಲಸವನ್ನು ಗಾಬರಿಯಿಲ್ಲದೆ ಮಾಡು ಎನ್ನಲು ನೀವು ಏನೆನ್ನುತ್ತೀರಿ ಎಂದು ಬರೆದುಕೊಂಡು ಬಂದರೆ ಒಂದು ಶಾಲೆಯಲ್ಲಿ ಒಂದು ವರ್ಷಕ್ಕೆ ಒಂದು ಪುಟ್ಟ ಪದಕೋಶ ಆದೀತು. ಬರೆಯುವಾಗ ಪದದ ಜೊತೆ ಮೂರು ವಿವರ ಇರಲಿ. ಯಾರು ಹೇಳಿದರು, ಯಾರಿಗೆ ಹೇಳಿದರು, ಆಗ ಯಾವ ಕೆಲಸ ನಡೆದಿತ್ತು.